ತುಳಸಿಯ ದೂರದ ನೆಂಟ

ಮನೆಯಂಗಳದ ತುಳಸಿಯ ಎಳೆ ದಂಟನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ. ಅದು ದುಂಡಗಿಲ್ಲ, ನಾಲ್ಕು ಮೂಲೆಗಳು ಬೆರಳಿಗೆ ತಗಲುತ್ತವೆ. ತುಂಬೆ, ಪುದೀನಗಳದೂ ಹೀಗೆಯೇ. ಇವೆಲ್ಲ ಲೇಮಿಯೇಸಿ ಎಂಬ ಒಂದೇ ಕುಟುಂಬದವು.

ಈ ಕುಟುಂಬದ ಚೆಲುವಾದ ಸದಸ್ಯವೊಂದು ಉತ್ತರ ಅಮೆರಿಕದ ಪ್ರೈರಿ ಹುಲ್ಲುಗಾವಲಿನಲ್ಲಿದೆ. ಹೆಸರು ವೈಲ್ಡ್ ಬರ್ಗಮಾಟ್. 1753ರಲ್ಲಿ ಲಿನೇಯಸ್ ಇದಕ್ಕೆ ಮೊನಾರ್ಡ ಫಿಸ್ಟುಲೋಸ ಎಂದು ಹೆಸರಿಟ್ಟ. ಅಮೆರಿಕದ ಔಷಧ ಸಸ್ಯಗಳ ಬಗ್ಗೆ ಬರೆದ 16ನೇ ಶತಮಾನದ ಸ್ಪೇನಿನ ವೈದ್ಯ ಮೊನಾರ್ಡೆಸ್‌ನ ನೆನಪು ಅದರಲ್ಲಿದೆ.

ಗುರುತಿಸುವುದು ಹೇಗೆ?

ಗಿಡ ಎರಡರಿಂದ ನಾಲ್ಕು ಅಡಿ ಎತ್ತರ. ದಂಟು ಚೌಕ. ಅಂಚು ಗರಗಸದಂತಿರುವ ಎಲೆಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಎಲೆ ಉಜ್ಜಿದರೆ ಸಾಮಾನ್ಯವಾಗಿ ಓಮ, ದೊಡ್ಡಪತ್ರೆಗಳನ್ನು ನೆನಪಿಸುವ ಘಾಟು. ಬೇಸಿಗೆಯಲ್ಲಿ ದಂಟಿನ ತುದಿಗೆ ನಸುನೇರಳೆ ಹೂಗಳ ಚೆಂಡು. ಚಳಿಗಾಲದಲ್ಲಿ ಮೇಲ್ಭಾಗ ಒಣಗಿದರೂ ನೆಲದೊಳಗಿನ ಬೇರುಕಾಂಡ ಬದುಕಿದ್ದು, ವಸಂತದಲ್ಲಿ ಮತ್ತೆ ಚಿಗುರುತ್ತದೆ.

ಆದರೆ ಚೌಕ ದಂಟು ಕಂಡೊಡನೆ ತೀರ್ಮಾನಕ್ಕೆ ಬರಬೇಡಿ. ನಮ್ಮ ಬೇಲಿಯ ಲಂಟಾನಕ್ಕೂ ಚೌಕ ದಂಟು, ಜೋಡಿ ಎಲೆ, ಘಾಟು ಎಲ್ಲವೂ ಇವೆ. ಆದರೂ ಅದು ಬೇರೆ ಕುಟುಂಬದ್ದು. ಪ್ರೈರಿಯಲ್ಲಿಯೂ ಬ್ಲೂ ವರ್ವೇನ್ ಎಂಬ ಗಿಡ ಹೀಗೆಯೇ ಚೌಕ ದಂಟು ತೋರಿಸಿ ಮೋಸ ಮಾಡುತ್ತದೆ. ಹಾಗಾಗಿ ಹೂವನ್ನೂ ಬಿಡಿಸಿ ನೋಡಬೇಕು. ಮೊನಾರ್ಡದ ಹೂವು ಸಣ್ಣ ಕೊಳವೆ. ಬಾಯಲ್ಲಿ ಮೇಲೊಂದು, ಕೆಳಗೊಂದು ತುಟಿ. ಮೇಲ್ದುಟಿಯ ತುದಿಯಲ್ಲಿ ರೋಮದ ಕುಚ್ಚು. ತುಳಸಿಗೆ ಕೇಸರ ನಾಲ್ಕು. ಇದಕ್ಕೆ ಎರಡೇ, ಅವೂ ತುಟಿಯಾಚೆ ಚಾಚಿರುತ್ತವೆ. ಹೂವು ಕಡುಗೆಂಪಾಗಿದ್ದರೆ ಅದು ಇದರ ಸೋದರ ಮೊನಾರ್ಡ ಡಿಡಿಮ.

ಇಷ್ಟೊಂದು ಎಚ್ಚರ ಏಕೆ? ಮೆಕ್ಕೆಜೋಳ, ಸೋಯಾ ಬೆಳೆಯಲು ಉತ್ತು ಹಾಕಿದ್ದರಿಂದ ಎತ್ತರ ಹುಲ್ಲಿನ ಪ್ರೈರಿಯಲ್ಲಿ ಇಂದು ಉಳಿದಿರುವುದು ಶೇಕಡ 4ಕ್ಕಿಂತ ಕಡಿಮೆ. ಅದನ್ನು ಮತ್ತೆ ಬೆಳೆಸಲು ಉಳಿದ ತುಣುಕುಗಳಿಂದ ಬೀಜ ಆಯುತ್ತಾರೆ. ಗಿಡದ ಗುರುತು ತಪ್ಪಿದರೆ ಬಿತ್ತನೆಯೂ ತಪ್ಪುತ್ತದೆ. ಗುರುತಿಲ್ಲದವರ ಕಣ್ಣಿಗೆ ಇದು ಬರೀ ಕಳೆ.

ಈ ಭಾನುವಾರ ಮಕ್ಕಳೊಂದಿಗೆ ಒಂದು ತುಂಬೆ ಹೂ, ಒಂದು ಲಂಟಾನದ ಹೂ ತನ್ನಿ. ಭೂತಗನ್ನಡಿ ಹಿಡಿದು ತುಟಿ ಯಾವುದಕ್ಕಿದೆ ಹುಡುಕಿ. ದಂಟು, ಎಲೆ, ವಾಸನೆ, ಹೂವು, ನಾಲ್ಕೂ ಒಪ್ಪಿದ ಮೇಲೆಯೇ ಗಿಡದ ಹೆಸರು ಹೇಳುವುದನ್ನು ರೂಢಿಸಿಕೊಳ್ಳಿ.