ಒಂದು ಸಿಲಿಂಡರು, ಎರಡು ಸೈಲೆನ್ಸರು: ಮೈಸೂರಿನ ಜಾವಾ

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಮೋಟಾರ್ ಸೈಕಲ್ ತಯಾರಿಸಿದ ಐಡಿಯಲ್ ಜಾವಾ ಕಂಪನಿಯ ಹೆಸರು ಹಳೆಯ ಮೈಸೂರು ಸೀಮೆಯಲ್ಲಿ ಮನೆಮಾತಾಗಿದ್ದರೂ, ಜಾವಾದ ಮೂಲಪುರುಷ ಫ್ರಾಂಟಿಶೆಕ್ ಯಾನೆಚೆಕ್ ಇಲ್ಲಿ ಅಪರಿಚಿತನಾಗಿಯೇ ಉಳಿದಿದ್ದಾನೆ. ಪ್ರಾಗ್ ನಗರದಲ್ಲಿ ಶಸ್ತ್ರಾಸ್ತ್ರ ಕಾರ್ಖಾನೆ ನಡೆಸುತ್ತಿದ್ದ ಈ ಎಂಜಿನಿಯರ್, ಆಯುಧಗಳಿಗೆ ಬೇಡಿಕೆ ತಗ್ಗಿದಾಗ ಬೇರೆ ಸರಕನ್ನು ಹುಡುಕುತ್ತ, 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿಸಿ ಬೈಕೊಂದರ ತಯಾರಿಕೆಯ ಹಕ್ಕನ್ನು ಕೊಂಡು, ತನ್ನ ಹೆಸರಿನ ಆದಿಯನ್ನೂ ವಾಂಡರರ್‌ನ ಆದಿಯನ್ನೂ ಕೂಡಿಸಿ ಅದಕ್ಕೆ ಜಾವಾ ಎಂದು ಹೆಸರಿಟ್ಟನು. ಚೈನಿನ ಬದಲು ಶಾಫ್ಟಿನಿಂದ ಹಿಂಚಕ್ರ ತಿರುಗಿಸುತ್ತಿದ್ದ ಆ ಭಾರಿ ಬೈಕು ಆರ್ಥಿಕ ಮುಗ್ಗಟ್ಟಿನ ಕಾಲಕ್ಕೆ ತೀರ ದುಬಾರಿಯಾಯಿತು. ಕಂಪನಿಯನ್ನು ಉಳಿಸಿದ್ದು ಇಂಗ್ಲೆಂಡಿನ ವಿನ್ಯಾಸಕಾರ ಜಾರ್ಜ್ ಪ್ಯಾಚೆಟ್ ವಿಲಿಯರ್ಸ್ ಎಂಜಿನನ್ನು ಕೂರಿಸಿ 1932ರಲ್ಲಿ ರೂಪಿಸಿದ 175 ಸಿಸಿಯ ಅಗ್ಗದ ಬೈಕು.

1950ರ ದಶಕದಲ್ಲಿ ಭಾರತ ಸರ್ಕಾರ ಆಮದಿಗೆ ಕಡಿವಾಣ ಹಾಕಿದ್ದರಿಂದ, ಮುಂಬಯಿಯಲ್ಲಿ ಜಾವಾ ತರಿಸಿ ಮಾರುತ್ತಿದ್ದ ರುಸ್ತುಂ ಇರಾನಿ ಅವರು ಫರೂಖ್ ಇರಾನಿ ಅವರೊಡನೆ ಸೇರಿ ಮೈಸೂರಿನಲ್ಲಿ ಕಾರ್ಖಾನೆ ತೆರೆದರು. ಅಲ್ಲಿ ತಯಾರಾದ 250 ಸಿಸಿ ಬೈಕಿಗೆ ಇದ್ದುದು ಒಂದೇ ಸಿಲಿಂಡರು, ಆದರೆ ಸೈಲೆನ್ಸರುಗಳು ಎರಡು. ಇದನ್ನು ಬರಿಯ ಅಲಂಕಾರವೆಂದು ತಿಳಿಯುವುದು ಸರಿಯಲ್ಲ.

ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ, ಎಂದರೆ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಕೆಳಗೆ ಬರುವಷ್ಟರಲ್ಲೇ ಒಂದು ಸುತ್ತಿನ ಕೆಲಸ ಮುಗಿಯುವ ಎಂಜಿನ್ನಿನಲ್ಲಿ, ಉರಿದ ಹೊಗೆಯನ್ನು ಹೊರದೂಡುವ ಹೊಣೆ ಒಳಬರುವ ಹೊಸ ಮಿಶ್ರಣದ್ದೇ ಆಗಿರುತ್ತದೆ. ಹೊಸ ಮಿಶ್ರಣ ನೇರವಾಗಿ ಹೊರಗೆ ನುಗ್ಗದಿರಲೆಂದು ಹಿಂದೆ ಪಿಸ್ಟನ್ನಿನ ನೆತ್ತಿಯ ಮೇಲೆ ದಿಬ್ಬ ಕಟ್ಟುತ್ತಿದ್ದರು. ಅದರಿಂದ ಪಿಸ್ಟನ್ ಭಾರವಾಗಿ ಬಿಸಿಯೂ ಹೆಚ್ಚುತ್ತಿತ್ತು. ಮಿಶ್ರಣ ಒಳಬರುವ ಪಕ್ಕದ ಕಿಂಡಿಗಳನ್ನು ಸಿಲಿಂಡರಿನ ಹಿಂಗೋಡೆಯತ್ತ ಓರೆಯಾಗಿ ತಿರುಗಿಸಿದರೆ ಮಿಶ್ರಣ ಮೇಲಕ್ಕೆ ಸುತ್ತಿ ಬಂದು ಹೊಗೆಯನ್ನು ತಳ್ಳುತ್ತದೆ ಎಂಬುದನ್ನು ಜರ್ಮನಿಯ ಶ್ನ್ಯೂರ್ಲೆ 1920ರ ದಶಕದಲ್ಲಿ ತೋರಿಸಿಕೊಟ್ಟ ಮೇಲೆ, ಚಪ್ಪಟೆ ನೆತ್ತಿಯ ಪಿಸ್ಟನ್ ಸಾಧ್ಯವಾಯಿತು. ಜಾವಾ 250 ಆ ಪದ್ಧತಿಯ ಯಂತ್ರ. ಹೊಗೆ ಬೇಗ ಹೊರಬೀಳಲು ಅದರ ಕಿಂಡಿ ಅಗಲವಾಗಿರಬೇಕು, ಆದರೆ ಒಂದೇ ಕಿಂಡಿ ಅತಿ ಅಗಲವಾದರೆ ಪಿಸ್ಟನ್ನಿನ ರಿಂಗು ಅದರೊಳಗೆ ಚಾಚಿ ಸಿಕ್ಕಿ ಮುರಿದೀತು. ಕಿಂಡಿಯನ್ನು ಎರಡಾಗಿ ಒಡೆದು ನಡುವೆ ಲೋಹದ ಪಟ್ಟಿಯುಳಿಸಿದರೆ ಈ ತೊಡಕು ನೀಗುತ್ತದೆ. ಎರಡು ಕಿಂಡಿಗಳಿಗೆ ಎರಡು ಕೊಳವೆ, ಎರಡು ಸೈಲೆನ್ಸರು.

ಇದಕ್ಕಿಂತ ಜಾಣತನದ್ದು ಎಡಗಾಲಿನ ಲಿವರು. ಗೇರು ಬದಲಿಸುವ ಆ ಲಿವರನ್ನೇ ಹಿಂದಕ್ಕೆ ತಿರುಗಿಸಿ ತುಳಿದರೆ ಅದೇ ಕಿಕ್ಕರ್; ಗೇರಿಗಾಗಿ ಒತ್ತುವಾಗ ಕ್ಲಚ್ಚನ್ನು ತಾನೇ ಬಿಡಿಸುತ್ತಿದ್ದುದರಿಂದ, ಕೈಯ ಕ್ಲಚ್ ಹಿಡಿಯದೆಯೂ ಗೇರು ಬೀಳುತ್ತಿತ್ತು.

1973ರಲ್ಲಿ ಬೈಕಿನ ಹೆಸರು ಯೆಜ್ಡಿ ಎಂದಾಯಿತು, 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂತು, ಆದರೆ ಎಂಜಿನ್ನಿನ ಮೂಲ ಪದ್ಧತಿ ಬದಲಾಗಲಿಲ್ಲ. ಹೊಗೆಯೊಡನೆ ಸ್ವಲ್ಪ ಹಸಿ ಪೆಟ್ರೋಲೂ ಹೊರಹೋಗುವುದು ಆ ಪದ್ಧತಿಯ ಹುಟ್ಟುಗುಣ. ಕಡಿಮೆ ಪೆಟ್ರೋಲ್ ಕುಡಿಯುವ ಫೋರ್-ಸ್ಟ್ರೋಕ್ ಹೀರೋ ಹೋಂಡಾ ಸಿಡಿ 100 ಗಾಡಿ 1985ರಲ್ಲಿ ರಸ್ತೆಗಿಳಿದು, 1990ರ ದಶಕದಲ್ಲಿ ಹೊಗೆಯ ನಿಯಮಗಳೂ ಬಿಗಿಯಾಗುತ್ತ ಬಂದಾಗ, ಬೆರಳೆಣಿಕೆಯ ಚಲಿಸುವ ಭಾಗಗಳಿಂದಾಗಿ ಯಾವ ಮೆಕ್ಯಾನಿಕ್ಕಾದರೂ ಬಿಚ್ಚಿ ಜೋಡಿಸಬಲ್ಲ ಎಂಜಿನ್ ಎಂಬ ಹೆಗ್ಗಳಿಕೆಯೊಂದರಿಂದಲೇ ಕಾರ್ಖಾನೆ ಉಳಿಯುವಂತಿರಲಿಲ್ಲ.