ತಾಯಿ ಹಕ್ಕಿ ಗರಿ ಉಬ್ಬಿಸಿ ಕೂತರೆ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಜೀಬ್ರಾ ಫಿಂಚ್ ಜೋಡಿಗೆ ನಾಲ್ಕು ಮರಿಗಳಾಗಿದ್ದವು. ಒಂದು ಬೆಳಗ್ಗೆ ನೋಡಿದರೆ ತಾಯಿ ಹಕ್ಕಿ ಗರಿ ಉಬ್ಬಿಸಿಕೊಂಡು ಪಂಜರದ ಅಡಿಯಲ್ಲಿ ಕೂತಿದೆ. ಇದನ್ನು ತೆಗೆದರೆ ಮರಿಗಳ ಗತಿಯೇನು ಅಂತ ಎರಡು ದಿನ ಹಾಗೇ ಬಿಟ್ಟೆವು. ಮನೆಯಲ್ಲಿದ್ದ ಮಾತ್ರೆಯನ್ನು ಪುಡಿ ಮಾಡಿ ನೀರಿಗೆ ಹಾಕಿದ್ದೂ ಉಂಟು. ತಾಯಿಯೂ ಹೋಯಿತು, ಎರಡು ಮರಿಗಳೂ ಹೋದವು.

ಉಳಿದೆರಡನ್ನು ಸಾಕಿದ್ದು ಗಂಡು ಹಕ್ಕಿ. ಫಿಂಚ್‌ಗಳಲ್ಲಿ ಗಂಡೂ ಗುಟುಕು ಕೊಡುತ್ತದೆ, ಕಾವೂ ಕೊಡುತ್ತದೆ. ಇದು ಮೊದಲೇ ಗೊತ್ತಿದ್ದರೆ ತಾಯಿಯನ್ನು ಅವತ್ತೇ ಬೇರೆ ಪೆಟ್ಟಿಗೆಯಲ್ಲಿಟ್ಟು, ಒಂದು ಬದಿಗೆ ಬಲ್ಬಿನ ಶಾಖ ಕೊಟ್ಟು, ಹಿಕ್ಕೆಯನ್ನು ಪಶುವೈದ್ಯರಿಗೆ ತೋರಿಸುತ್ತಿದ್ದೆವು. ಹತ್ತು ಹದಿನೈದು ಗ್ರಾಂ ತೂಗುವ ಜೀವ ಅದು, ನಾಳೆ ನೋಡುವ ಅಂದರೆ ಆಗುವುದಿಲ್ಲ.

ಗರಿ ಬಾರದ ಮರಿಯ ಕತ್ತಿನ ಚೀಲದಲ್ಲಿರುವ ಕಾಳು ಚರ್ಮದ ಮೇಲಿಂದಲೇ ಕಾಣುತ್ತದೆ. ಸಂಜೆ ಅದು ತುಂಬಿದೆಯಾ ನೋಡಿ. ಖಾಲಿಯಿದ್ದರೆ ತಡಮಾಡದೆ ವೈದ್ಯರನ್ನು ಕೇಳಿ.

ಹೊಸ ಹಕ್ಕಿ ತಂದರೆ 30 ದಿನ ಬೇರೆಯೇ ಇಡಿ. ನಮ್ಮ ಕರಾವಳಿಯ ಮಳೆಗೆ ನವಣೆ ಬೇಗ ಬೂಷ್ಟು ಹಿಡಿಯುತ್ತದೆ, ವಾಸನೆ ಬಂದರೆ ಎಸೆದುಬಿಡಿ. ಪಂಜರದ ಹಕ್ಕಿಗೆ ಬೇರೆ ಕಡೆ ಹೋಗಿ ಹೆಕ್ಕಿ ತಿನ್ನಲು ದಾರಿಯಿಲ್ಲ, ನಾವು ಹಾಕಿದ್ದನ್ನೇ ತಿನ್ನಬೇಕು.