ಸೌಮ್ಯತೆಯ ಪರೀಕ್ಷೆ

ಗಟ್ಟಿಯಾಗಿ ಮಾತನಾಡದವನು, ಯಾರಿಗೂ ಎದುರಾಡದವನು, ತನ್ನ ಪಾಡಿಗೆ ತಾನಿರುವವನು ಸೌಮ್ಯನೆಂದೂ, ಆ ಸೌಮ್ಯತೆಯು ಕೆಲವರಿಗೆ ಹುಟ್ಟಿನಿಂದಲೇ ಬರುವ ಗುಣವೆಂದೂ, ಲೋಕವ್ಯವಹಾರದಲ್ಲಿ ಅದು ಒಂದು ಬಗೆಯ ಅಶಕ್ತತೆಯೇ ಎಂದೂ ಜನ ಬಹುಕಾಲದಿಂದ ನಂಬಿಕೊಂಡು ಬಂದಿದ್ದಾರೆ. ಬೌದ್ಧ ಚಿಂತನೆಯೂ ಇಪ್ಪತ್ತನೆಯ ಶತಮಾನದ ಮನೋವಿಶ್ಲೇಷಣಶಾಸ್ತ್ರವೂ, ಬೇರೆ ಬೇರೆ ದಾರಿಯಿಂದ ಬಂದು, ಈ ನಂಬಿಕೆಯನ್ನು ಅಲ್ಲಗಳೆದಿವೆ.

ಸುತ್ತಗಳೆಂಬ ಉಪದೇಶಗಳ ಸಂಗ್ರಹವಾದ ಮಜ್ಝಿಮನಿಕಾಯದ ಕಕಚೂಪಮ ಸುತ್ತದಲ್ಲಿ ಬುದ್ಧನು ಭಿಕ್ಷುಗಳಿಗೆ ಹೇಳಿದ ಕಥೆಯೊಂದುಂಟು. ಶ್ರಾವಸ್ತಿಯಲ್ಲಿ ವೇದೇಹಿಕೆಯೆಂಬ ಗೃಹಿಣಿ ವಿನಯವತಿಯೆಂದೂ ಶಾಂತಸ್ವಭಾವದವಳೆಂದೂ ಹೆಸರು ಪಡೆದಿದ್ದಳು. ಅವಳ ಮನೆಯಲ್ಲಿ ಕಾಳಿಯೆಂಬ ದಾಸಿ ಚುರುಕಾಗಿಯೂ ಅಚ್ಚುಕಟ್ಟಾಗಿಯೂ ಕೆಲಸ ಮಾಡಿಕೊಂಡಿದ್ದಳು. ಒಡತಿಗೆ ಕೋಪವೆಂಬುದೇ ಇಲ್ಲವೋ, ಅಥವಾ ತನ್ನ ಕೆಲಸದಲ್ಲಿ ಕೊರತೆಯಿಲ್ಲದುದರಿಂದ ಅದು ಹೊರಗೆ ಕಾಣಿಸುತ್ತಿಲ್ಲವೋ ಎಂದು ಅನುಮಾನ ಹುಟ್ಟಿ, ಕಾಳಿ ಒಂದು ದಿನ ಹೊತ್ತೇರಿದ ಮೇಲೆ ಎದ್ದಳು. ಒಡತಿ ಹುಬ್ಬು ಗಂಟಿಕ್ಕಿದಳು. ಮತ್ತೊಮ್ಮೆ ತಡಮಾಡಿದಾಗ ಬಿರುನುಡಿ ಹೊರಟಿತು. ಮೂರನೆಯ ಸಲ ಒಡತಿ ಬಾಗಿಲ ಅಗುಳಿಯನ್ನೇ ಎತ್ತಿಕೊಂಡು ದಾಸಿಯ ತಲೆಗೆ ಹೊಡೆದಳು; ಕಾಳಿ ರಕ್ತ ಸುರಿಯುವ ತಲೆಯೊಡನೆ ನೆರೆಹೊರೆಯವರ ಮುಂದೆ ಹೋಗಿ ನಿಂತಳು. ಅಪ್ರಿಯವಾದ ಮಾತು ಬಂದು ತಾಗುವವರೆಗೂ ಎಲ್ಲರೂ ಶಾಂತರೇ, ತಾಗಿದ ಮೇಲೆಯೇ ಭಿಕ್ಷುವಿನ ಶಾಂತಿ ಪರೀಕ್ಷೆಗೆ ನಿಲ್ಲುವುದು ಎಂಬುದು ಬುದ್ಧನ ಅಭಿಪ್ರಾಯ. ಇದರಲ್ಲಿ ಇನ್ನೊಂದು ಮಾತೂ ಅಡಗಿದೆಯೆಂದು ನನಗೆ ತೋರುತ್ತದೆ: ವೇದೇಹಿಕೆಯ ಕೀರ್ತಿಯನ್ನು ಅಲ್ಲಿಯವರೆಗೆ ಹೊತ್ತು ನಿಂತಿದ್ದುದು ಕಾಳಿಯ ದುಡಿಮೆ. ಅನ್ಯರ ಶ್ರಮದ ನೆರಳಿನಲ್ಲಿ ತಣ್ಣಗಿರುವುದನ್ನು ಗುಣವೆಂದು ಎಣಿಸಲಾಗದು.

ಕಟುವಾದ ಮಾತನ್ನು ಆಡದಿರುವುದೇ ಮೃದುಹೃದಯದ ಲಕ್ಷಣವೆಂಬ ಭಾವನೆಯೂ ಅಷ್ಟೇ ತಪ್ಪು. ಇನ್ನೊಂದು ಸುತ್ತದಲ್ಲಿ, ಅಭಯನೆಂಬ ರಾಜಕುಮಾರನು ಕಟುವಾದ ಮಾತನ್ನು ಆಡಬಹುದೇ ಎಂಬ ಪ್ರಶ್ನೆಯನ್ನೆತ್ತಿಕೊಂಡು ಬುದ್ಧನನ್ನು ಸಿಕ್ಕಿಸಲು ಹೊರಟಾಗ, ರಾಜಕುಮಾರನ ತೊಡೆಯ ಮೇಲೆ ಎಳೆಯ ಕೂಸೊಂದು ಮಲಗಿತ್ತಂತೆ. ಈ ಕೂಸು ಕಡ್ಡಿಯನ್ನೋ ಕಲ್ಲುಹರಳನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುವೆಯೆಂದು ಬುದ್ಧನು ಕೇಳಿದನು. ಎಡಗೈಯಲ್ಲಿ ತಲೆ ಹಿಡಿದು, ಬಲಗೈಯ ಬೆರಳು ಬಾಗಿಸಿ, ರಕ್ತ ಬಂದರೂ ಸರಿಯೆ, ತೆಗೆದುಬಿಡುವೆನೆಂದು ರಾಜಕುಮಾರನೇ ಒಪ್ಪಿಕೊಂಡನು. ಕೂಸಿನ ಮೇಲಿನ ಅನುಕಂಪೆಯೇ ಅದಕ್ಕೆ ಕಾರಣ. ಅಪ್ರಿಯವಾದರೂ ಸತ್ಯವೂ ಹಿತವೂ ಆದ ಮಾತನ್ನು ಕಾಲವರಿತು ಆಡತಕ್ಕದ್ದೇ ಎಂಬುದು ಆ ಸುತ್ತದ ನಿರ್ಣಯ.

ಇಂಗ್ಲೆಂಡಿನ ಮಕ್ಕಳ ವೈದ್ಯನೂ ಮನೋವಿಶ್ಲೇಷಕನೂ ಆದ ಡೊನಾಲ್ಡ್ ವಿನಿಕಾಟ್ 1947ರಲ್ಲಿ ಇದಕ್ಕಿಂತ ಎದೆಗಾರಿಕೆಯ ಮಾತನ್ನಾಡಿದನು. ಅತ್ಯಂತ ವಾತ್ಸಲ್ಯವುಳ್ಳ ತಾಯಿಯಲ್ಲಿಯೂ ಮಗುವಿನ ಬಗೆಗೆ ದ್ವೇಷದ ಅಂಶವಿರುತ್ತದೆ. ಅದನ್ನು ತನ್ನಲ್ಲಿ ಗುರುತಿಸಿಕೊಂಡು, ಮಗುವಿನ ಮೇಲೆ ತೀರಿಸಿಕೊಳ್ಳದೆ ತಾಳಿಕೊಳ್ಳುವುದರಲ್ಲಿಯೇ ಅವಳ ಹಿರಿಮೆಯಿದೆ. ರೋಗಿಯ ಎದುರಿಗೆ ಕುಳಿತ ವೈದ್ಯನಿಗೂ ಇದೇ ಅನ್ವಯಿಸುತ್ತದೆ ಎಂದನು. ಕೋಪವಿಲ್ಲದ ಮನಸ್ಸನ್ನಲ್ಲ, ಕೋಪವನ್ನು ಕಣ್ಣಿಟ್ಟು ನೋಡಬಲ್ಲ ಮನಸ್ಸನ್ನು ಆತನು ಬಯಸಿದ್ದು.

ಇನ್ನು ಸಂವೇದನಶೀಲತೆಯ ವಿಷಯ. ಬೇಗನೆ ಕಣ್ಣೀರು ಸುರಿಸುವವನೇ ಸಂವೇದನಶೀಲನೆಂದು ನಾವು ತಿಳಿಯುತ್ತೇವೆ. ಕ್ರಿ.ಶ. ಐದನೆಯ ಶತಮಾನದಲ್ಲಿ ಸಿಂಹಳದಲ್ಲಿ ವಿಸುದ್ಧಿಮಗ್ಗವೆಂಬ ಬೌದ್ಧ ಗ್ರಂಥವನ್ನು ರಚಿಸಿದ ಬುದ್ಧಘೋಷನು ಕರುಣೆಗೆ ಇಬ್ಬರು ಶತ್ರುಗಳನ್ನು ಹೇಳಿದ್ದಾನೆ: ಕ್ರೌರ್ಯವು ದೂರದ ಶತ್ರು, ಶೋಕವು ಹತ್ತಿರದ ಶತ್ರು. ಅನ್ಯರ ನೋವನ್ನು ಕಂಡು ತಾನೇ ಕುಸಿದುಬೀಳುವವನ ಗಮನವೆಲ್ಲ ತನ್ನ ಸಂಕಟದ ಮೇಲೆಯೇ ನೆಲೆಸುತ್ತದೆ. ನೊಂದವನಿಗೆ ಬೇಕಾದ ಕೈ ಅಲ್ಲಿ ಚಾಚುವುದಿಲ್ಲ.

ಇದಕ್ಕಿಂತ ಮರೆಯಾದ ಭ್ರಾಂತಿಯೊಂದನ್ನು ಬಯಲಿಗೆಳೆದವನು ಹಂಗೇರಿಯ ಮನೋವಿಶ್ಲೇಷಕ ಶಾಂಡೋರ್ ಫೆರೆಂಟ್ಸಿ. ಮನೋವಿಶ್ಲೇಷಣಶಾಸ್ತ್ರದ ಪ್ರವರ್ತಕನಾದ ಫ್ರಾಯ್ಡನ ನಿಕಟವರ್ತಿಯಾಗಿದ್ದ ಈತನು 1932ರಲ್ಲಿ ಜರ್ಮನಿಯ ವೀಸ್‌ಬಾಡೆನ್ ನಗರದ ಸಮ್ಮೇಳನದಲ್ಲಿ ಓದಿದ ಪ್ರಬಂಧವು ಗುರುವಿಗೆ ಮೆಚ್ಚಿಗೆಯಾಗಲಿಲ್ಲ. ದೊಡ್ಡವರ ದೌರ್ಜನ್ಯಕ್ಕೆ ಸಿಕ್ಕಿದ ಮಗು ಪ್ರತಿಭಟಿಸಲಾರದೆ, ಭಯವು ಒಂದು ಮೇರೆಯನ್ನು ಮೀರಿದಾಗ, ಹಿಂಸಿಸುವವನ ಇಚ್ಛೆಯನ್ನು ಊಹಿಸಿ ಅದನ್ನೇ ತನ್ನದಾಗಿಸಿಕೊಳ್ಳುತ್ತದೆಯೆಂದು ಫೆರೆಂಟ್ಸಿ ಅದರಲ್ಲಿ ತೋರಿಸಿದನು. ಅಂಥ ಮಗು ಚಪ್ಪಲಿಯ ಸದ್ದಿನಿಂದಲೇ ತಂದೆಯ ಮನಃಸ್ಥಿತಿಯನ್ನು ಅಳೆಯುತ್ತದೆ. ಯಾರೂ ಕೇಳುವ ಮೊದಲೇ ನೀರು ತಂದಿಡುತ್ತದೆ. ತಾಯಿಯ ಮುಖ ಬಾಡಿದರೆ ತನ್ನ ಹಸಿವನ್ನು ಹೇಳಿಕೊಳ್ಳುವುದಿಲ್ಲ. ಬಂಧುಗಳು ಬಂದು, ಎಷ್ಟು ತಿಳಿವಳಿಕೆಯ ಮಗು, ಎಷ್ಟು ಸಾಧು ಎಂದು ಹೊಗಳಿ ಹೋಗುತ್ತಾರೆ. ಅದರ ಸೂಕ್ಷ್ಮತೆಯೇನೋ ನಿಜ. ಆದರೆ ಅದು ಪ್ರೀತಿಯಿಂದ ಅರಳಿದುದಲ್ಲ, ಕಾವಲಿನಿಂದ ಹರಿತವಾದುದು. ಅದಕ್ಕೆ ಬೇಕಾದುದು ಹೊಗಳಿಕೆಯಲ್ಲ, ಹೆದರದೆ ಹಟಮಾಡುವ ಅವಕಾಶ.

ಆದುದರಿಂದ ತಂದೆತಾಯಿಗಳಲ್ಲಿಯೂ ಉಪಾಧ್ಯಾಯರಲ್ಲಿಯೂ ನನ್ನದೊಂದು ವಿನಂತಿ. ಬಾಯಿಲ್ಲದ ಮಗುವನ್ನು ಸೌಮ್ಯವೆಂದು ಕೊಂಡಾಡುವ ಮೊದಲು, ಅದು ಯಾರಿಗೆ ಹೆದರುತ್ತಿದೆಯೆಂದು ದಯವಿಟ್ಟು ವಿಚಾರಿಸಿ ನೋಡಿರಿ.